ಶೇ 52 ಅಂತರ್ಮುಖಿ: ಮಕ್ಕಳ ಸ್ವಭಾವಕ್ಕೆ ಅಂಟಿಸುವ ಚೀಟಿಗಳ ಬಗ್ಗೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ಕೋಲಾರ ಜಿಲ್ಲೆಯ ನಮ್ಮ ಊರಿನ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರ ನಡೆಯಿತು. ತಲಾ 350 ರೂಪಾಯಿ ಶುಲ್ಕ ಪಡೆದು, ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಕುಳ್ಳಿರಿಸಿ, ಇಂಗ್ಲಿಷಿನಲ್ಲಿದ್ದ 60 ಪ್ರಶ್ನೆಗಳಿಗೆ ಉತ್ತರ ಒತ್ತಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಪ್ರತಿಯೊಬ್ಬರ ಕೈಗೂ ಬಣ್ಣದ ಪ್ರಿಂಟೌಟ್ ಒಂದನ್ನು ಕೊಟ್ಟು ಕಳುಹಿಸಿದರು. ನಮ್ಮ ಬೀದಿಯ ಹುಡುಗಿಯೊಬ್ಬಳು ಆ ಹಾಳೆಯನ್ನು ಹಿಡಿದುಕೊಂಡು ಸಂಜೆ ನಮ್ಮ ಮನೆಗೆ ಬಂದಳು. ಅವಳ ಹಿಂದೆಯೇ ಅವಳ ತಂದೆಯೂ ಬಂದರು; ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಬಂದಿದ್ದರು. ಹಾಳೆಯ ನೆತ್ತಿಯಲ್ಲಿ ಹೆಬ್ಬೆರಳು ಗಾತ್ರದ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು: ಐ, ಎನ್, ಟಿ, ಪಿ. ಅದರ ಕೆಳಗೆ, ಈ ಬಗೆಯವರು ಒಬ್ಬರೇ ಕುಳಿತು ಯೋಚಿಸುವ ಕೆಲಸಗಳಿಗೆ ಹೇಳಿ ಮಾಡಿಸಿದವರೆಂದೂ, ಜನರ ಒಡನಾಟ ಹೆಚ್ಚಿರುವ ಶುಶ್ರೂಷೆ, ಬೋಧನೆ, ಮಾರಾಟದಂಥ ಕೆಲಸಗಳು ಇವರಿಗೆ ಒಗ್ಗುವುದಿಲ್ಲವೆಂದೂ ಅಚ್ಚಾಗಿತ್ತು. ಈ ಹುಡುಗಿ ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಗಿನಿಂದ ನರ್ಸಿಂಗ್ ಓದಬೇಕೆಂದು ಹೇಳುತ್ತ ಬಂದವಳು. ತಂದೆಗೆ ಈಗ ಅನುಮಾನ ಹೊಕ್ಕಿತ್ತು. ‘ಬೇಡ ಅಂತ ಕಂಪ್ಯೂಟರೇ ಹೇಳಿಬಿಟ್ಟಿದೆಯಲ್ಲ ಮೇಷ್ಟ್ರೇ, ಅಷ್ಟು ದುಡ್ಡು ಸುರಿದ ಮೇಲೆ ಇವಳು ಆಗಲ್ಲ ಅಂತ ಬಿಟ್ಟು ಬಂದರೆ ನಾನೇನು ಮಾಡಲಿ?’ ಎಂದು ಅವರು ಕೇಳಿದರು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿಪೂರ್ವ ಕಾಲೇಜುಗಳಲ್ಲಿ ತರ್ಕಶಾಸ್ತ್ರ ಮತ್ತು ಮನಃಶಾಸ್ತ್ರ ಬೋಧಿಸಿ ನಿವೃತ್ತನಾದವನು. ಮನುಷ್ಯರ ಸ್ವಭಾವವನ್ನು ಅಳೆಯುವ ಪ್ರಯತ್ನವೇ ಬೊಗಳೆ ಎಂದು ತಳ್ಳಿಹಾಕುವ ಉದ್ದೇಶ ನನಗಿಲ್ಲ. ಆ ಪ್ರಯತ್ನದ ಬಗ್ಗೆ ಪಾಠ ಮಾಡಿಯೇ ನನ್ನ ಸಂಬಳ ದುಡಿದಿದ್ದೇನೆ. ಆದರೆ ಇಂಥ ಶಿಬಿರಗಳು ಈಗ ಜಿಲ್ಲಾ ಕೇಂದ್ರಗಳನ್ನು ದಾಟಿ ತಾಲ್ಲೂಕುಗಳಿಗೂ ಬಂದಿರುವುದರಿಂದ, ಮತ್ತು ಹಾಳೆಯಲ್ಲಿ ಅಚ್ಚಾದುದನ್ನು ಮರುಪ್ರಶ್ನಿಸುವ ಅನುಕೂಲ ಹಳ್ಳಿಯ ತಂದೆತಾಯಿಗಳಿಗೆ ಇಲ್ಲದಿರುವುದರಿಂದ, ಆ ನಾಲ್ಕು ಅಕ್ಷರಗಳು ಒಬ್ಬ ವ್ಯಕ್ತಿಯ ಬಗ್ಗೆ ಎಷ್ಟನ್ನು ಹೇಳಬಲ್ಲವು ಎಂಬುದನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಬೇಕೆನಿಸಿತು.

ಹಾಳೆಯನ್ನು ನಾನು ಎರಡು ಬಾರಿ ಓದಿದೆ. ಮುಂಬದಿಯ ಅಕ್ಷರಗಳನ್ನೂ ವರ್ಣನೆಯನ್ನೂ ದಾಟಿ ಹಿಂಬದಿಗೆ ತಿರುಗಿಸಿದರೆ, ತೀರ ಕೆಳಗೆ, ಬಸ್ ಟಿಕೆಟ್ಟಿನ ಹಿಂದೆ ನಿಬಂಧನೆಗಳನ್ನು ಅಚ್ಚು ಹಾಕುವಷ್ಟು ಸಣ್ಣದಾಗಿ, ನಾಲ್ಕು ಹಸಿರು ಪಟ್ಟಿಗಳಿದ್ದವು. ಒಂದೊಂದು ಪಟ್ಟಿಯೂ ಎದುರುಬದುರಾದ ಎರಡು ಗುಣಗಳ ಜೋಡಿ; ಯಾವುದರ ಅಂಕ ಹೆಚ್ಚೋ ಅದರ ಅಕ್ಷರ ಮುಂಬದಿಗೆ ಬರುತ್ತದೆ, ಹೀಗೆ ನಾಲ್ಕು ಜೋಡಿಗಳಿಂದ ಒಟ್ಟು ಹದಿನಾರು ಬಗೆ. ಮೊದಲನೆಯದರ ಎದುರು ಅಂತರ್ಮುಖಿ (ಐ) 52, ಬಹಿರ್ಮುಖಿ (ಇ) 48 ಎಂದಿತ್ತು. ಮೂರನೆಯದರ ಎದುರು ವಿಚಾರ (ಟಿ) 53, ಭಾವನೆ (ಎಫ್) 47 ಎಂದಿತ್ತು. ಅಂದರೆ ಹುಡುಗಿ ಎರಡು ಕಡೆಯೂ ಹೆಚ್ಚುಕಡಿಮೆ ಗೆರೆಯ ಮೇಲೆಯೇ ನಿಂತಿದ್ದಾಳೆ. ಅರವತ್ತು ಪ್ರಶ್ನೆಗಳನ್ನು ನಾಲ್ಕು ಜೋಡಿಗೆ ಸಮನಾಗಿ ಹಂಚಿದರೆ ಒಂದು ಜೋಡಿಗೆ ಹದಿನೈದು ಪ್ರಶ್ನೆ. ಈ ಎರಡು ಜೋಡಿಗಳಲ್ಲಿ ಒಂದೋ ಎರಡೋ ಉತ್ತರ ಆಚೀಚೆಯಾಗಿದ್ದರೆ ಅದೇ ಹುಡುಗಿ, ಅದೇ ಮಧ್ಯಾಹ್ನ, ಇ, ಎನ್, ಎಫ್, ಪಿ ಎಂಬ ಇನ್ನೊಂದು ಬಗೆಯವಳಾಗಿ ಹೊರಬರುತ್ತಿದ್ದಳು. ಆ ಬಗೆಯವರ ವರ್ಣನೆಯಲ್ಲಿ ಸಾಮಾನ್ಯವಾಗಿ ಇರುವುದೇನೆಂದರೆ, ಇವರು ಜನರೊಡನೆ ಸುಲಭವಾಗಿ ಬೆರೆಯುವವರು, ಇನ್ನೊಬ್ಬರ ಕಷ್ಟಕ್ಕೆ ಕರಗುವವರು ಎಂದು. ಪರೀಕ್ಷೆಯಲ್ಲಿ ಒಂದೆರಡು ಅಂಕ ಕಡಿಮೆ ಬಂದವನನ್ನು ದಡ ಸೇರಿಸಲು ಕೃಪಾಂಕವೆಂಬುದಾದರೂ ನಮ್ಮಲ್ಲಿತ್ತು. ಸ್ವಭಾವದ ಪರೀಕ್ಷೆಯಲ್ಲಿ 48 ಬಂದವಳಿಗೆ ಆ ದಾಕ್ಷಿಣ್ಯವೂ ಇಲ್ಲ.

ಹೇಳಬೇಕಾದ ಮುಖ್ಯ ಮಾತು ಇದೇ. ಮಾತುಗಾರಿಕೆ, ಸಂಕೋಚ, ಶಿಸ್ತು, ಕಳವಳ ಇವೆಲ್ಲ ಎತ್ತರ ಮತ್ತು ತೂಕದ ಹಾಗೆ ಕಡಿಮೆಯಿಂದ ಹೆಚ್ಚಿಗೆ ಹಂತಹಂತವಾಗಿ ಹಬ್ಬಿರುವ ಗುಣಗಳು. ದೊಡ್ಡ ಗುಂಪೊಂದನ್ನು ಅಳೆದರೆ ಬಹುಪಾಲು ಜನ ನಡುವಿನಲ್ಲಿಯೂ ಕೆಲವರು ಮಾತ್ರ ಎರಡು ತುದಿಗಳಲ್ಲಿಯೂ ಸಿಗುತ್ತಾರೆ. ಎರಡು ಬಗೆಯ ಜನರಿದ್ದು ನಡುವೆ ಬಯಲಿದ್ದಿದ್ದರೆ ಗೆರೆ ಎಳೆಯುವುದರಲ್ಲಿ ಅರ್ಥವಿರುತ್ತಿತ್ತು. ಇಲ್ಲಿ ಜನ ಅತಿ ಹೆಚ್ಚು ನೆರೆದಿರುವ ಜಾಗದ ಮಧ್ಯದಲ್ಲಿಯೇ ಗೆರೆ ಬೀಳುತ್ತದೆ. ಪರಿಣಾಮವಾಗಿ 52 ಬಂದ ನಮ್ಮ ಹುಡುಗಿ, 48 ಬಂದ ಅವಳ ಗೆಳತಿಯಿಂದ ಬೇರೆಯಾಗಿ, 95 ಬಂದಿರಬಹುದಾದ ಇನ್ನಾರೊಂದಿಗೋ ಒಂದೇ ಪೆಟ್ಟಿಗೆಗೆ ಬೀಳುತ್ತಾಳೆ. ಮೈಯರ್ಸ್-ಬ್ರಿಗ್ಸ್ ಎಂದು ಹೆಸರಾದ ಈ ಹದಿನಾರು ಬಗೆಗಳ ಪರೀಕ್ಷೆಯನ್ನು ಐದು ವಾರಗಳ ಅಂತರದಲ್ಲಿ ಮತ್ತೊಮ್ಮೆ ಕೊಟ್ಟರೆ ಸುಮಾರು ಅರ್ಧದಷ್ಟು ಮಂದಿಗೆ ಒಂದು ಅಕ್ಷರವಾದರೂ ಬದಲಾಗಬಹುದೆಂದು ವಿಮರ್ಶಕರು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬದಲಾಗುವುದು ಜನರ ಸ್ವಭಾವಕ್ಕಿಂತ ಹೆಚ್ಚಾಗಿ, ಗೆರೆಯ ಹತ್ತಿರ ನಿಂತವರ ಒಂದು ಹೆಜ್ಜೆ.

ಈ ಪರೀಕ್ಷೆಯ ಹುಟ್ಟಿನ ಕಥೆಯೂ ತಿಳಿದಿರಬೇಕಾದದ್ದೇ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಜರ್ಮನ್ ಭಾಷೆಯಲ್ಲಿ ಮನುಷ್ಯರ ಮಾನಸಿಕ ಬಗೆಗಳನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅಂತರ್ಮುಖಿ, ಬಹಿರ್ಮುಖಿ ಎಂದು ನಾವು ಕನ್ನಡದಲ್ಲಿ ಹೇಳುವ ಮಾತುಗಳು ಚಾಲ್ತಿಗೆ ಬಂದದ್ದು ಅದರಿಂದ. ಅತ್ತ ಅಮೆರಿಕದಲ್ಲಿ ಕ್ಯಾಥರೀನ್ ಬ್ರಿಗ್ಸ್ ಎಂಬ ಗೃಹಿಣಿ ಮನುಷ್ಯರ ಬಗೆಗಳ ಬಗ್ಗೆ ತಮ್ಮದೇ ಟಿಪ್ಪಣಿಗಳನ್ನು ಮಾಡಿಕೊಳ್ಳುತ್ತಿದ್ದರು. ಮಗಳು ಇಸಾಬೆಲ್ ವರಿಸಿದ ಹುಡುಗ ತಮ್ಮ ಮನೆಯವರಿಗಿಂತ ತೀರ ಬೇರೆ ರೀತಿಯವನಾಗಿ ಕಂಡದ್ದೇ ಅವರ ಕುತೂಹಲಕ್ಕೆ ಕಾರಣವಾಯಿತೆಂದು ಹೇಳುತ್ತಾರೆ. ಅಳಿಯನನ್ನು ಅರ್ಥಮಾಡಿಕೊಳ್ಳಲು ಹೊರಟ ಅತ್ತೆಯೊಬ್ಬರಿಂದ ಜಗತ್ತಿನ ಅತಿ ಜನಪ್ರಿಯ ಸ್ವಭಾವ ಪರೀಕ್ಷೆ ಶುರುವಾಯಿತೆಂಬುದು ನನಗೆ ಅದರಲ್ಲಿ ಅತ್ಯಂತ ಇಷ್ಟವಾದ ಸಂಗತಿ. ಯೂಂಗ್ ಅವರ ಗ್ರಂಥ 1923ರಲ್ಲಿ ಇಂಗ್ಲಿಷಿಗೆ ಬಂದಾಗ ತಾಯಿ ಅದಕ್ಕೆ ಒಲಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಹೊಸದಾಗಿ ಬರುತ್ತಿದ್ದ ಹೆಂಗಸರಿಗೆ ಒಗ್ಗುವ ಕೆಲಸ ಯಾವುದೆಂದು ಕಂಡುಕೊಳ್ಳಲು ನೆರವಾಗಲೆಂದು ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಪ್ರಶ್ನಾವಳಿ ರಚಿಸತೊಡಗಿದರು. ಆಕೆ ಓದಿದ್ದು ರಾಜ್ಯಶಾಸ್ತ್ರ. ಪತ್ತೇದಾರಿ ಕಾದಂಬರಿಗಳನ್ನೂ ಬರೆದಿದ್ದರು. ಇದನ್ನು ನಾನು ಹೀಯಾಳಿಸಲು ಹೇಳುತ್ತಿಲ್ಲ, ಇಬ್ಬರೂ ದಶಕಗಟ್ಟಲೆ ಶ್ರದ್ಧೆಯಿಂದ ದುಡಿದವರು. ಆದರೆ ಕಂಪ್ಯೂಟರಿನ ಪರದೆಯ ಹಿಂದೆ ಯಾವುದೋ ಪ್ರಯೋಗಶಾಲೆ ಇದೆಯೆಂದು ಭಾವಿಸುವ ತಂದೆತಾಯಿಗಳಿಗೆ ಇದು ಗೊತ್ತಿರುವುದು ಒಳ್ಳೆಯದು.

ಮೂಲಪುರುಷರಾದ ಯೂಂಗ್ ಅವರೇ, 1934ರಲ್ಲಿ ತಮ್ಮ ಗ್ರಂಥದ ಆವೃತ್ತಿಯೊಂದಕ್ಕೆ ಬರೆದ ಮುನ್ನುಡಿಯಲ್ಲಿ, ಜನರನ್ನು ಕಂಡ ಕೂಡಲೇ ಒಂದೊಂದು ಬಗೆಯ ಚೀಟಿ ಅಂಟಿಸುವುದು ಮಕ್ಕಳಾಟವೆಂಬ ಅರ್ಥದ ಮಾತು ಬರೆದಿದ್ದಾರೆ. ಇಸಾಬೆಲ್ ಅವರ ಪರೀಕ್ಷೆಯ ಹಕ್ಕು ಹೊಂದಿರುವವರು ಹಾಗೂ ಅದರ ಪ್ರಚಾರಕ್ಕಾಗಿಯೇ ಇರುವ ಪ್ರತಿಷ್ಠಾನ ಕೂಡ, ಕೆಲಸಕ್ಕೆ ಆಯ್ಕೆ ಮಾಡಲು ಅಥವಾ ಯಾರಿಗೆ ಯಾವ ಕೆಲಸವೆಂದು ತೀರ್ಮಾನಿಸಲು ಇದನ್ನು ಬಳಸುವುದು ನ್ಯಾಯವಲ್ಲವೆಂದು ತಾವೇ ಸ್ಪಷ್ಟಪಡಿಸಿದ್ದಾರೆ. ಆ ಅಕ್ಷರಗಳು ಒಲವನ್ನು ಸೂಚಿಸುತ್ತವೆ, ಸಾಮರ್ಥ್ಯವನ್ನಲ್ಲ ಎಂಬುದು ಅವರ ನಿಲುವು. ತಯಾರಿಸಿದವರೇ ಬೇಡವೆಂದ ಬಳಕೆಯನ್ನು ನಮ್ಮ ಊರಿನಲ್ಲಿ ಶುಲ್ಕ ಪಡೆದು ಮಾಡಲಾಗಿದೆ; ಅದೂ ಮೂಲ ಪರೀಕ್ಷೆಯಲ್ಲಿ ಅಲ್ಲ, ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುವ ಅದರ ಅನುಕರಣೆಯೊಂದರಲ್ಲಿ ಎಂದು ಆ ಹಾಳೆಯ ವಿನ್ಯಾಸ ನೋಡಿದರೆ ನನಗೆ ಅನಿಸುತ್ತದೆ.

ಇನ್ನು ಪ್ರಶ್ನೆಗಳ ವಿಷಯ. ಹುಡುಗಿಗೆ ನೆನಪಿದ್ದ ಪ್ರಶ್ನೆಗಳಲ್ಲಿ ಒಂದು, ಪಾರ್ಟಿಗಳಲ್ಲಿ ಅಪರಿಚಿತರನ್ನು ನೀವಾಗಿಯೇ ಮಾತನಾಡಿಸುತ್ತೀರಾ ಎಂದು. ನಮ್ಮ ಕಡೆ ಪಾರ್ಟಿಯೆಂದರೆ ಒಂದೋ ಚುನಾವಣೆಗೆ ನಿಲ್ಲುವಂಥದ್ದು, ಇಲ್ಲವೇ ಗಂಡಸರು ತೋಟದ ಮನೆಯಲ್ಲಿ ಸೇರಿ ಮಾಡುವಂಥದ್ದು. ಎರಡರಲ್ಲಿಯೂ ಹದಿನೇಳು ವರ್ಷದ ಹೆಣ್ಣುಮಗಳು ಅಪರಿಚಿತರನ್ನು ಮಾತನಾಡಿಸಲು ಹೋಗುವುದಿಲ್ಲ. ಅವಳು ‘ಇಲ್ಲ’ ಎಂದು ಒತ್ತಿದಳು, ಅಂತರ್ಮುಖಿಯ ಕಡೆಗೆ ಒಂದು ಅಂಕ ಬಿತ್ತು. ಅದೇ ಪ್ರಶ್ನೆಯನ್ನು, ಮದುವೆ ಮನೆಯಲ್ಲಿ ಗುರುತಿಲ್ಲದ ಹೆಂಗಸರ ಪಕ್ಕ ಕುಳಿತರೆ ಯಾವ ಊರು, ಯಾರ ಕಡೆಯವರು ಎಂದು ನೀನಾಗಿ ಕೇಳುತ್ತೀಯಾ ಎಂದು ನಾನು ಕೇಳಿದಾಗ, ಅವಳು ನಕ್ಕು, ‘ಕೇಳದೆ ಇರೋದು ಹೇಗೆ ಸಾರ್, ಊಟ ಮುಗಿಯೋವರೆಗೂ ಸುಮ್ಮನೆ ಕೂತಿರೋಕಾಗುತ್ತಾ?’ ಎಂದಳು. ಒಂದು ಪ್ರಶ್ನೆಯನ್ನು ನಮ್ಮ ಊರಿಗೆ ತಂದದ್ದಕ್ಕೇ ಹುಡುಗಿ ಗೆರೆಯ ಆಚೆ ಬದಿಗೆ ಹೋಗಿಬಿಟ್ಟಳು.

ಇದು ಒಂದು ಪದದ ಸಮಸ್ಯೆಯಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ಕೋಲಾರದಲ್ಲಿ ಪಾಠ ಮಾಡಿದವರಿಗೆ ಗೊತ್ತಿರುವಂತೆ ಇಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಬಂದ ಮೇಲೆ ಇಂಗ್ಲಿಷ್ ಎಂದು ಮೂರು ಭಾಷೆಗಳಲ್ಲಿ ದಿನ ಕಳೆಯುತ್ತಾರೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು, ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವನು. ಆಂತರಿಕ ಅಂಕಗಳ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ‘ಮಿತಭಾಷಿ, ಹಿಂಜರಿಕೆಯ ಸ್ವಭಾವ’ ಎಂದು ಬರೆದಿದ್ದೆ. ಚೀಟಿ ಅಂಟಿಸುವ ಚಟ ನನಗೂ ಇತ್ತೆಂಬುದಕ್ಕೆ ಇದೇ ಸಾಕ್ಷಿ. ಒಂದು ದಿನ ಬೆಳಗ್ಗೆ ಸಂಬಂಧಿಕರೊಬ್ಬರ ಟೊಮೆಟೊ ಲೋಡಿನ ಜೊತೆ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹೋಗಿದ್ದಾಗ ಅವನನ್ನು ಮಂಡಿಯೊಂದರಲ್ಲಿ ಕಂಡೆ. ಹದಿನೈದು ಕೆ.ಜಿ. ಬಾಕ್ಸುಗಳ ಸಾಲಿನ ಮೇಲೆ ಹತ್ತಿ ನಿಂತು, ಸುತ್ತಲೂ ಮೂವತ್ತು ನಲವತ್ತು ವ್ಯಾಪಾರಿಗಳನ್ನು ಇಟ್ಟುಕೊಂಡು, ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಹರಾಜು ಕೂಗುತ್ತಿದ್ದ. ಐದು ರೂಪಾಯಿ ಹೆಚ್ಚಿಗೆ ಕೂಗಲು ಹಿಂದೆಮುಂದೆ ನೋಡುತ್ತಿದ್ದ ಒಬ್ಬ ದೊಡ್ಡ ವ್ಯಾಪಾರಿಯನ್ನು ಹೆಸರು ಹಿಡಿದು ಕೆಣಕಿ, ಎಲ್ಲರನ್ನೂ ನಗಿಸಿ, ಆ ಐದು ರೂಪಾಯಿಯನ್ನು ಹೊರಡಿಸಿದ. ನನ್ನನ್ನು ನೋಡಿದ ಕ್ಷಣ ಕೆಳಗಿಳಿದು ಬಂದು ತಲೆ ತಗ್ಗಿಸಿಕೊಂಡು ನಿಂತ. ಮತ್ತೆ ಅದೇ ಹಿಂದಿನ ಬೆಂಚಿನ ಹುಡುಗ. ನನ್ನ ಪುಸ್ತಕದಲ್ಲಿದ್ದ ಮಾತು ಅವನ ಸ್ವಭಾವವನ್ನು ಹೇಳಿತ್ತೋ, ನನ್ನ ತರಗತಿಯ ಸ್ವಭಾವವನ್ನು ಹೇಳಿತ್ತೋ ಎಂದು ಆಮೇಲೆ ಬಹಳ ದಿನ ಯೋಚಿಸಿದೆ.

ಅಂಥ ಅನುಮಾನ ನನಗೊಬ್ಬನಿಗೇ ಬಂದದ್ದಲ್ಲ. ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿ 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸಂದರ್ಭದಲ್ಲಿ ಮೋಸ ಮಾಡಿದ ಮಗು ಇನ್ನೊಂದು ಸಂದರ್ಭದಲ್ಲಿಯೂ ಮಾಡುತ್ತದೆಂದು ಹೇಳುವುದು ಕಷ್ಟವೆಂದು ಕಂಡುಬಂತು. ಮನಃಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಸ್ವಭಾವ ಪರೀಕ್ಷೆಯ ಅಂಕಕ್ಕೂ ಒಂದು ನಿರ್ದಿಷ್ಟ ಸಂದರ್ಭದಲ್ಲಿ ವ್ಯಕ್ತಿ ನಡೆದುಕೊಳ್ಳುವ ರೀತಿಗೂ ಇರುವ ಸಹಸಂಬಂಧ ಸಾಮಾನ್ಯವಾಗಿ 0.30ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆಂದು ತೋರಿಸಿದರು. ಪೂರ್ಣ ಹೊಂದಾಣಿಕೆಯಾದರೆ ಆ ಸಂಖ್ಯೆ ಒಂದು ಆಗುತ್ತದೆ, ಏನೂ ಇಲ್ಲದಿದ್ದರೆ ಸೊನ್ನೆ. ಆ ಬಗ್ಗೆ ಮುಂದೆ ದಶಕಗಳ ಕಾಲ ವಾಗ್ವಾದ ನಡೆದು, ಹಲವು ಸಂದರ್ಭಗಳನ್ನು ಒಟ್ಟುಗೂಡಿಸಿ ನೋಡಿದರೆ ಸ್ವಭಾವವೆಂಬುದು ಖಂಡಿತ ಇದೆಯೆಂದು ಎದುರು ಪಕ್ಷದವರೂ ತೋರಿಸಿಕೊಟ್ಟಿದ್ದಾರೆ. ನಾನು ಅದನ್ನು ಒಪ್ಪುತ್ತೇನೆ. ಆದರೆ ಹಲವು ಸಂದರ್ಭಗಳ ಸರಾಸರಿ ಬೇರೆ, ಒಂದು ಮಧ್ಯಾಹ್ನದ ಅರ್ಧ ಗಂಟೆ ಬೇರೆ.

ಹಾಗಿದ್ದರೂ ಹಾಳೆಯನ್ನು ಓದಿದವರಿಗೆಲ್ಲ ‘ಅಯ್ಯೋ, ಇದು ನಾನೇ’ ಎನಿಸುವುದೇಕೆ? ಹುಡುಗಿಗೂ ಹಾಗೆಯೇ ಅನಿಸಿತ್ತು. ಅವಳನ್ನು ಹೆದರಿಸಿದ್ದು ಅದೇ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆಯೊಂದನ್ನು ನಡೆಸಿ, ವಾರದ ನಂತರ ಒಬ್ಬೊಬ್ಬರಿಗೂ ಅವರ ವರದಿಯೆಂದು ಒಂದು ಹಾಳೆ ಕೊಟ್ಟರು. ಅದು ಎಷ್ಟು ಸರಿಯಾಗಿದೆಯೆಂದು ಐದು ಅಂಕಕ್ಕೆ ಅಳೆಯಲು ಹೇಳಿದಾಗ ಬಂದ ಸರಾಸರಿ 4.26. ನಿಜದಲ್ಲಿ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ವಾಕ್ಯಗಳು. ಈ ಪ್ರಯೋಗವನ್ನು ನಾನು ಪ್ರತಿ ವರ್ಷ ದ್ವಿತೀಯ ಪಿಯುಸಿ ತರಗತಿಯಲ್ಲಿ ಮಾಡುತ್ತಿದ್ದೆ. ‘ಹೊರಗೆ ಧೈರ್ಯವಾಗಿ ಕಂಡರೂ ಒಳಗೊಳಗೆ ಕೊರಗುವ ಸ್ವಭಾವ ನಿಮ್ಮದು, ನಂಬಿದವರಿಗಾಗಿ ಏನನ್ನಾದರೂ ಮಾಡುತ್ತೀರಿ, ಆದರೆ ನಿಮ್ಮ ಒಳ್ಳೆಯತನವನ್ನು ಕೆಲವರು ದುರುಪಯೋಗ ಮಾಡಿಕೊಂಡಿದ್ದಾರೆ’ ಎಂಬ ಧಾಟಿಯಲ್ಲಿ ಹತ್ತು ಸಾಲು ಬರೆದು, ಮೇಲೆ ಒಬ್ಬೊಬ್ಬರ ಹೆಸರನ್ನು ಕೈಯಲ್ಲಿಯೇ ಬರೆದು, ಸೈಕ್ಲೋಸ್ಟೈಲ್ ಕಾಲದಲ್ಲಿ ಸೈಕ್ಲೋಸ್ಟೈಲ್ ಮಾಡಿಸಿ, ಜೆರಾಕ್ಸ್ ಬಂದ ಮೇಲೆ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ. ಹದಿಹರೆಯದ ಮಕ್ಕಳು ಓದುತ್ತ ಓದುತ್ತ ಗಂಭೀರವಾಗುತ್ತಿದ್ದರು. ಒಂದು ವರ್ಷ ಒಬ್ಬಳ ಕಣ್ಣು ತುಂಬಿ ಬಂದದ್ದನ್ನು ಕಂಡು ನನಗೇ ತಪ್ಪಿತಸ್ಥನಂತಾಯಿತು. ಐದಕ್ಕೆ ನಾಲ್ಕಕ್ಕಿಂತ ಕಡಿಮೆ ಕೊಟ್ಟವರು ವಿರಳ. ಆಮೇಲೆ ಹಾಳೆಗಳನ್ನು ಪಕ್ಕದವರೊಂದಿಗೆ ಬದಲಾಯಿಸಿಕೊಳ್ಳಿ ಎನ್ನುತ್ತಿದ್ದೆ. ಆ ಮುಂದಿನ ಗದ್ದಲ ಪಕ್ಕದ ತರಗತಿಯವರೆಗೂ ಕೇಳುತ್ತಿತ್ತು.

ಬಗೆಗಳಾಗಿ ವಿಂಗಡಿಸುವ ಹಂಬಲ ಪಶ್ಚಿಮದಿಂದ ಬಂದದ್ದೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಮಾನಸ ಪ್ರಕೃತಿಗಳನ್ನು ಸಾತ್ವಿಕದಲ್ಲಿ ಏಳು, ರಾಜಸದಲ್ಲಿ ಆರು, ತಾಮಸದಲ್ಲಿ ಮೂರು ಎಂದು ಎಣಿಸಿದೆ; ಒಟ್ಟು ಅಲ್ಲಿಯೂ ಹದಿನಾರೇ. ಬ್ರಾಹ್ಮ, ಆರ್ಷ, ಐಂದ್ರದಿಂದ ತೊಡಗಿ ಪಾಶವ, ಮಾತ್ಸ್ಯ, ವಾನಸ್ಪತ್ಯದವರೆಗೆ ಹೋಗುವ ಆ ಪಟ್ಟಿಯನ್ನು ಓದಿದರೆ ನಮಗೆ ಪರಿಚಯವಿರುವ ಮುಖಗಳು ಒಂದೊಂದಾಗಿ ಎದುರಿಗೆ ಬರುತ್ತವೆ. ಆದರೆ ಅದನ್ನು ಬರೆದದ್ದು ರೋಗಿಯನ್ನು ಕಣ್ಣೆದುರು ಕೂರಿಸಿಕೊಂಡು ನೋಡುವ ವೈದ್ಯನಿಗಾಗಿ. ಅದಕ್ಕಿಂತ ನಮ್ಮ ದಿನಬಳಕೆಯಲ್ಲಿ ಉಳಿದದ್ದು ಜಾತಕದ ಗಣಕೂಟ. ದೇವಗಣ, ಮನುಷ್ಯಗಣ, ರಾಕ್ಷಸಗಣವೆಂದು ಹುಟ್ಟಿದ ನಕ್ಷತ್ರದ ಮೇಲೆ ಮಕ್ಕಳನ್ನು ಮೂರಾಗಿ ಹಂಚಿ, ರಾಕ್ಷಸಗಣದ ಹುಡುಗಿಯೆಂಬ ಒಂದೇ ಕಾರಣಕ್ಕೆ ಸಂಬಂಧ ತಪ್ಪಿಹೋದದ್ದನ್ನು ನಮ್ಮ ತಲೆಮಾರಿನವರು ಮನೆಮನೆಯಲ್ಲೂ ನೋಡಿದ್ದೇವೆ. ಅದನ್ನು ಮೂಢನಂಬಿಕೆಯೆಂದು ಭಾಷಣ ಮಾಡುವ ವಿದ್ಯಾವಂತ ತರುಣರೇ ಇಂದು ವಧೂವರರ ಜಾಲತಾಣದಲ್ಲಿ ತಮ್ಮ ಸಂಬಳದ ಪಕ್ಕದಲ್ಲಿ ಆ ನಾಲ್ಕು ಅಕ್ಷರಗಳನ್ನು ಬರೆದುಕೊಳ್ಳುತ್ತಿದ್ದಾರೆ.

ಸ್ವಭಾವವನ್ನು ಅಳೆಯಲು ಇದಕ್ಕಿಂತ ಗಟ್ಟಿಯಾದ ದಾರಿ ಇದೆ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ಎಂಬವರು ಇಂಗ್ಲಿಷ್ ನಿಘಂಟೊಂದನ್ನು ಜಾಲಾಡಿ, ಮನುಷ್ಯರನ್ನು ವರ್ಣಿಸಬಲ್ಲ ಸುಮಾರು 18,000 ಪದಗಳನ್ನು ಹೆಕ್ಕಿದರು. ಜನ ತಮ್ಮ ನಡುವೆ ನಿಜವಾಗಿ ಕಂಡ ವ್ಯತ್ಯಾಸಗಳಿಗೆ ಭಾಷೆಯಲ್ಲಿ ಪದ ಹುಟ್ಟಿರಲೇಬೇಕೆಂಬುದು ಅದರ ಹಿಂದಿದ್ದ ತರ್ಕ. ನಮ್ಮ ಮುಂಗೋಪಿ, ಮಿತಭಾಷಿ, ಬಾಯಿಬಡುಕ, ಜಿಪುಣ, ಪುಕ್ಕಲ, ಹಟಮಾರಿ, ಉದಾಸೀನ ಎಂಬ ಪದಗಳನ್ನು ನೆನೆದರೆ ಆ ತರ್ಕ ಸರಿಯೆನಿಸುತ್ತದೆ. ಅಂಥ ಪದಗಳನ್ನು ಗುಂಪು ಮಾಡುತ್ತ ಹೋದ ಹಲವರ ದುಡಿಮೆಯಿಂದ ಕೊನೆಗೆ ಐದು ಗುಣಗಳು ನಿಂತವು: ಹೊಸತಕ್ಕೆ ತೆರೆದುಕೊಳ್ಳುವುದು, ಶ್ರದ್ಧೆ, ಬಹಿರ್ಮುಖತೆ, ಹೊಂದಿಕೊಂಡು ಹೋಗುವುದು, ಮತ್ತು ಬೇಗ ಕಳವಳಗೊಳ್ಳುವುದು. ಇಲ್ಲಿ ಪೆಟ್ಟಿಗೆಗಳಿಲ್ಲ, ಪ್ರತಿಯೊಂದರಲ್ಲಿಯೂ ವ್ಯಕ್ತಿ ಎಲ್ಲಿ ನಿಂತಿದ್ದಾನೆಂದು ಹೇಳುವ ಅಂಕವಿದೆ. ಶ್ರದ್ಧೆಯ ಅಂಕಕ್ಕೂ ಓದಿನಲ್ಲಿ, ಕೆಲಸದಲ್ಲಿ ವ್ಯಕ್ತಿ ತೋರುವ ಸಾಧನೆಗೂ ಸಣ್ಣದಾದರೂ ನಿಜವಾದ ನಂಟಿದೆ. ಆದರೂ ಈ ಐದು ಗುಣಗಳು ಸಹ ಎಲ್ಲ ಜನರಿಗೂ ಹೊಂದುವುದಿಲ್ಲ. ಬೊಲಿವಿಯಾದ ಕಾಡಿನ ಅಂಚಿನಲ್ಲಿ ಬೇಟೆ, ಬೇಸಾಯ ಮಾಡಿ ಬದುಕುವ ಚಿಮಾನೆ ಜನರ 600ಕ್ಕೂ ಹೆಚ್ಚು ಮಂದಿಗೆ ಅವರದೇ ಭಾಷೆಗೆ ತಂದ ಪ್ರಶ್ನೆಗಳನ್ನು ಕೇಳಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಐದು ಗುಂಪುಗಳು ಮೂಡಲಿಲ್ಲ. ಅಲ್ಲಿ ಎದ್ದು ಕಂಡದ್ದು ಎರಡೇ: ನಾಲ್ಕು ಜನರಿಗೆ ಬೇಕಾದವರಾಗಿ ಬಾಳುವುದು ಮತ್ತು ಮೈಮುರಿದು ದುಡಿಯುವುದು. ನಮ್ಮ ಹಳ್ಳಿಗಳಲ್ಲಿ ಹೆಣ್ಣು ಕೊಡುವ ಮುನ್ನ ಹುಡುಗನ ಬಗ್ಗೆ ವಿಚಾರಿಸುವುದೂ ಹೆಚ್ಚಾಗಿ ಈ ಎರಡನ್ನೇ.

ಪರೀಕ್ಷೆಯನ್ನು ನೆಲಕ್ಕೆ ಒಗ್ಗಿಸಿಕೊಳ್ಳಬೇಕೆಂಬ ಎಚ್ಚರ ನಮ್ಮ ಹಿರಿಯರಿಗೆ ಇತ್ತು. ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1924ರಷ್ಟು ಹಿಂದೆ. ಮುಂದೆ ಮೈಸೂರಿನಲ್ಲಿ ಆಕಾಶವಾಣಿಯನ್ನು ಶುರು ಮಾಡಿದವರೂ ಅವರೇ. ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿ ಪರಿಷ್ಕರಿಸಿದ ವಿಷಯವನ್ನು 1934ರಲ್ಲಿಯೇ ಪ್ರಕಟಿಸಿದರು. ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ, ಯಾವ ವಯಸ್ಸಿನ ಮಗುವಿಗೆ ಯಾವ ಪ್ರಶ್ನೆ ತಕ್ಕದ್ದೆಂದು ನೋಡಿ, ಆಮೇಲೆ ಅಂಕ ಹಾಕುವುದು ಅವರ ಕ್ರಮ. ಅಷ್ಟು ವರ್ಷಗಳ ಹಿಂದೆ ಆಗಿದ್ದ ಕೆಲಸವನ್ನು ಇಂದು 350 ರೂಪಾಯಿ ಪಡೆದವರು ಮಾಡಬೇಕೆಂದು ಕೇಳುವುದು ಅತಿಯಾಗಲಾರದು.

ಹುಟ್ಟುಗುಣ ಸುಟ್ಟರೂ ಹೋಗದೆಂದು ಹುಡುಗಿಯ ತಂದೆ ಅಂದು ನನಗೆ ಹೇಳಿದರು. ಗಾದೆ ಪೂರಾ ಸುಳ್ಳಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದ ಶೇಕಡ 40ರಿಂದ 50ರಷ್ಟಕ್ಕೆ ಆನುವಂಶಿಕತೆ ಕಾರಣ. ಉಳಿದ ಅರ್ಧ ಬೇರೆಡೆಯಿಂದ ಬರುತ್ತದೆ. ಅಲ್ಲದೆ, ಇಪ್ಪತ್ತರಿಂದ ನಲವತ್ತರ ನಡುವಿನ ವಯಸ್ಸಿನಲ್ಲಿ ಸರಾಸರಿಯಾಗಿ ಜನರ ಶ್ರದ್ಧೆ ಹೆಚ್ಚುತ್ತದೆ, ಕಳವಳ ತಗ್ಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹದಿನೇಳು ವರ್ಷದ ಮಗುವಿನ ಅಂಕ ಇನ್ನೂ ಹಸಿಯಾಗಿರುವಂಥದ್ದು. ಈ ಹುಡುಗಿಯ ಅಜ್ಜಿಗೆ ಕಳೆದ ವರ್ಷ ಲಕ್ವ ಹೊಡೆದಿತ್ತು. ತಾಯಿ ಹೊಲಕ್ಕೆ ಹೋದ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ ಅಜ್ಜಿಯ ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರು ಹಾಕಿ, ಬಾಯಿಯ ಒಂದು ಬದಿಯಿಂದ ಗಂಜಿ ಹೊರಗೆ ಹರಿಯದಂತೆ ಇನ್ನೊಂದು ಬದಿಗೆ ಸ್ವಲ್ಪಸ್ವಲ್ಪವೇ ಚಮಚ ಹಿಡಿಯುತ್ತಿದ್ದವಳು ಇವಳೇ. ಅವಳು ಯಾವ ಬಗೆಯವಳೆಂದು ಹೇಳಲು ಇದು ಸಾಲದಿರಬಹುದು, ಆದರೆ ಶುಶ್ರೂಷೆ ಅವಳಿಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಆ ಅರವತ್ತು ಪ್ರಶ್ನೆಗಳಿಗಿಂತ ಹತ್ತಿರದ ಉತ್ತರ ಇದರಲ್ಲಿದೆ. ಶಿಬಿರದಲ್ಲಿ ಇದನ್ನು ಯಾರೂ ಕೇಳಲಿಲ್ಲ.

ಇಂಥ ಶಿಬಿರ ನಡೆಸಲು ಅವಕಾಶ ಕೊಡುವ ಕಾಲೇಜುಗಳ ಆಡಳಿತ ಮಂಡಳಿಗಳು ಮೊದಲು ಪ್ರಶ್ನಾವಳಿಯನ್ನು ತರಿಸಿಕೊಂಡು ಓದಬೇಕು. ಕನ್ನಡದಲ್ಲಿ ಇಲ್ಲದಿದ್ದರೆ, ಇಲ್ಲಿನ ಮಕ್ಕಳ ಮೇಲೆ ಪರಿಶೀಲಿಸಿದ್ದು ಅಲ್ಲವಾದರೆ, ಒಪ್ಪಬಾರದು. ಮಕ್ಕಳಿಗೆ ಕೊಡುವ ಹಾಳೆಯಲ್ಲಿ ಅಕ್ಷರಗಳ ಬದಲು ಅಂಕಗಳೇ ದೊಡ್ಡದಾಗಿ ಇರಲಿ, ನಡುವಿನಲ್ಲಿರುವ ಮಗುವಿಗೆ ನೀನು ನಡುವಿನಲ್ಲಿದ್ದೀಯೆಂದೇ ಹೇಳಲಿ. ಯಾವ ಕೆಲಸ ಒಗ್ಗುವುದಿಲ್ಲವೆಂಬ ಪಟ್ಟಿಯನ್ನಂತೂ ಕೈಬಿಡಲಿ. ಮಾರ್ಗದರ್ಶನವೇ ಬೇಕೆಂದರೆ ನಮ್ಮ ಜಿಲ್ಲೆಯಲ್ಲಿಯೇ ದುಡಿಯುತ್ತಿರುವ ಒಬ್ಬ ನರ್ಸ್, ಒಬ್ಬ ಲೈನ್‌ಮ್ಯಾನ್, ಒಬ್ಬ ಅಂಗನವಾಡಿ ಕಾರ್ಯಕರ್ತೆಯನ್ನು ಕರೆಸಿ ಅವರ ಒಂದು ದಿನ ಹೇಗಿರುತ್ತದೆಂದು ಹೇಳಿಸಬಹುದು. ಅದಕ್ಕೆ ಶುಲ್ಕವೂ ಬೇಕಾಗುವುದಿಲ್ಲ. ಭಾನುವಾರದ ಪುರವಣಿಗಳಲ್ಲಿ ‘ನೀವು ಯಾವ ಬಗೆಯವರು?’ ಎಂಬ ಪ್ರಶ್ನಾವಳಿಗಳನ್ನು ಅಚ್ಚು ಮಾಡುವ ಪತ್ರಿಕೆಗಳೂ ಅದರ ಕೆಳಗೆ ಇದು ಕಾಲಕ್ಷೇಪಕ್ಕೆ ಮಾತ್ರ ಎಂದು ಒಂದು ಸಾಲು ಸೇರಿಸಿದರೆ ಉಪಕಾರವಾದೀತು. ತಮ್ಮ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಕ್ಷಮೆಯಿರಲಿ.

ಹುಡುಗಿ ಅರ್ಜಿ ಹಾಕಲು ಕೊನೆಯ ದಿನಕ್ಕೆ ಇನ್ನು ಒಂಬತ್ತು ದಿನ ಉಳಿದಿದೆ. ನಾನು ಮೇಲೆ ಬರೆದುದನ್ನೆಲ್ಲ ಅವಳ ತಂದೆಗೆ ಬಾಯಿಮಾತಿನಲ್ಲಿ ಎರಡು ಬಾರಿ ಹೇಳಿದ್ದಾಗಿದೆ. ಅವರು ತಲೆಯಾಡಿಸುತ್ತಾರೆ, ಮತ್ತೆ ಕಿಸೆಯಿಂದ ಮಡಿಸಿದ ಆ ಬಣ್ಣದ ಹಾಳೆಯನ್ನು ತೆಗೆದು ನೋಡುತ್ತಾರೆ. ಅಚ್ಚಾದ ಮಾತಿಗೆ ಎದುರಾಗಿ ಅವರಿಗೆ ಅಚ್ಚಾದ ಇನ್ನೊಂದು ಮಾತೇ ಬೇಕಾಗಿದೆ. ಸಂಜೆ ಡೇರಿಯಿಂದ ಹಿಂದಿರುಗುವಾಗ ನಮ್ಮ ಗೇಟಿನ ಬಳಿ ನಿಂತು, ‘ಪೇಪರಿನಲ್ಲಿ ಬಂತಾ ಮೇಷ್ಟ್ರೇ?’ ಎಂದು ಕೇಳಿಕೊಂಡು ಹೋಗುತ್ತಿದ್ದಾರೆ. ಆದ್ದರಿಂದ ಈ ಪತ್ರವನ್ನು, ಉದ್ದವಾಯಿತೆನಿಸಿದರೆ ಕತ್ತರಿಸಿಯಾದರೂ, ಈ ವಾರದೊಳಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ಕೋಲಾರ ಜಿಲ್ಲೆ